ಥರ್ಮಾಕೋಲ್ ಹಲಗೆ, ಬೋಂಡಾ ಮತ್ತು ಏಳನೇ ತರಗತಿಯ ಗ್ರಾಫ್

‘ಚಲನೆ ಮತ್ತು ಕಾಲ’ ಪಾಠ ಮಾಡಿದವರಿಗೆಲ್ಲ ಈ ಕಷ್ಟ ಗೊತ್ತು. ವಿಜ್ಞಾನದಲ್ಲಿ ದೂರ-ಕಾಲ ಗ್ರಾಫ್ 7ನೇ ತರಗತಿಗೇ ಬಂದುಬಿಡುತ್ತದೆ. ಗಣಿತದಲ್ಲಿ ಗ್ರಾಫಿನ ಪಾಠ ಇರುವುದು 8ಕ್ಕೆ. ಮೂರು ವರ್ಷದ ಹಿಂದೆ ‘ನಕ್ಷೆ ಬರೆಯಿರಿ’ ಅಂತ, ಗ್ರಾಫ್ ಅನ್ನುವ ಅರ್ಥದಲ್ಲಿ, ಬೋರ್ಡ್ ಮೇಲೆ ಬರೆದೆ. ಹಿಂದಿನ ಬೆಂಚಿನ ಇಬ್ಬರು ಭಾರತದ ಔಟ್‌ಲೈನ್ ಹಾಕುತ್ತಾ ಕೂತಿದ್ದರು. ಅವರದೇನು ತಪ್ಪು? ಹಿಂದಿನ ಪೀರಿಯಡ್ ಸಮಾಜ ವಿಜ್ಞಾನ. ಅಲ್ಲಿ ನಕ್ಷೆ ಅಂದರೆ ಭೂಪಟ.

ಅವತ್ತೇ ಅನ್ನಿಸಿತು, ನಾವು ನಾಲ್ಕು ಜನ ಒಂದೇ ಸ್ಟಾಫ್ ರೂಮಲ್ಲಿ ಕೂತು ಒಬ್ಬರ ಪಾಠ ಒಬ್ಬರಿಗೆ ಗೊತ್ತಿಲ್ಲ ಅಂತ. ವಾರ್ಷಿಕ ಕ್ರಿಯಾ ಯೋಜನೆ ಎಲ್ಲರೂ ಬರೆದಿರುತ್ತೇವೆ, ಬೇರೆಬೇರೆ ಫೈಲಲ್ಲಿ.

ಮೊದಲ ವರ್ಷ ನಾನು ಮಾಡಿದ್ದು ಶುದ್ಧ ದಂಡ. ಎಲ್ಲರ ಪಾಠವೂ ಒಂದೇ ಕಡೆ ಕಾಣಲಿ ಅಂತ ಕಂಪ್ಯೂಟರ್‌ನಲ್ಲಿ 14 ಕಾಲಮ್ಮಿನ ಪಟ್ಟಿ ಮಾಡಿ, ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿದೆ. 850 ರೂಪಾಯಿ ಹೋಯಿತು. ಒಬ್ಬರೂ ತುಂಬಲಿಲ್ಲ. ಆಮೇಲೆ ಸಂಜೆ ಶಾಲೆ ಬಿಟ್ಟ ಮೇಲೆ ಸೇರೋಣ ಅಂದೆ. ಪೀಣ್ಯದಿಂದ ಬಸ್ ಹತ್ತಿ ಮನೆ ಸೇರಬೇಕಾದವರು ನಾಲ್ಕೂಮುಕ್ಕಾಲಿಗೆ ಯಾಕೆ ಕೂರುತ್ತಾರೆ? ಎರಡೇ ವಾರಕ್ಕೆ ನಿಂತಿತು. ಎ, ಬಿ ಸೆಕ್ಷನ್ ಸೇರಿಸಿ ಒಟ್ಟಿಗೆ ಪಾಠ ಮಾಡುವ ಸಾಹಸವನ್ನೂ ಮಾಡಿದೆವು. 80 ಮಕ್ಕಳು, ಒಂದು ಫ್ಯಾನ್. ಅದರ ಬಗ್ಗೆ ಜಾಸ್ತಿ ಹೇಳಲ್ಲ.

ಎಚ್.ಎಂ. (ಮುಖ್ಯೋಪಾಧ್ಯಾಯ) ಸರ್ ಒಂದೇ ಮಾತು ಹೇಳಿದರು: “ಪಾಠದ ಕ್ರಮ ಮುಟ್ಟಬೇಡಿ ಮೇಡಂ, ಪಠ್ಯ ಮುಗಿಯಲ್ಲ.” ಗಣಿತದ ಮೇಷ್ಟ್ರು ಅವರಿಗಿಂತ ಒಂದು ಕೈ ಮೇಲು. “ನನ್ನ ಭಿನ್ನರಾಶಿನೇ ಮುಗಿದಿಲ್ಲ, ನಿಮ್ಮ ಗ್ರಾಫ್ ಯಾರು ಮಾಡ್ತಾರೆ?”

ಕೊನೆಗೆ ಕೈಹಿಡಿದಿದ್ದು ಥರ್ಮಾಕೋಲ್. ಎರಡು ಹಾಳೆ ಗೋಡೆಗೆ ಹೊಡೆದು ಜೂನ್‌ನಿಂದ ಮಾರ್ಚ್‌ವರೆಗೆ ವಾರದ ಗೆರೆ ಎಳೆದೆವು. ಒಂದು ಪಾಠಕ್ಕೆ ಒಂದು ಚೀಟಿ, ವಿಷಯಕ್ಕೊಂದು ಬಣ್ಣ, ಗುಂಡುಪಿನ್ನು. ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ 40 ನಿಮಿಷ. ಚೀಟಿ ಕಿತ್ತು ಬೇರೆ ಕಡೆ ಚುಚ್ಚುವುದು ಅಷ್ಟೇ ಕೆಲಸ, ಬರೆಯುವುದು ಏನೂ ಇಲ್ಲ. ಬರೆಯೋದು ಇಲ್ಲ ಅಂದರೆ ಮೇಷ್ಟ್ರುಗಳು ಬರುತ್ತಾರೆ. ಬೋಂಡಾ ಇದ್ದರೆ ಇನ್ನೂ ಬೇಗ ಬರುತ್ತಾರೆ.

ಗಣಿತದಲ್ಲಿ ‘ದತ್ತಾಂಶಗಳ ನಿರ್ವಹಣೆ’ ಮೊದಲೇ ಬರುತ್ತದೆ, ಅದರಲ್ಲಿ ಸ್ತಂಭ ನಕ್ಷೆ ಹೇಗೂ ಇದೆ. ಅದರ ಬಾಲಕ್ಕೆ ಎರಡು ಪೀರಿಯಡ್ ಸೇರಿಸಿ ಮೇಷ್ಟ್ರು ಅಕ್ಷ ಮತ್ತು ಸ್ಕೇಲ್ (ಒಂದು ಚೌಕಕ್ಕೆ ಎಷ್ಟು ಅನ್ನುವ ಪ್ರಮಾಣ) ಮಾಡಿದರು. ನಾನು ಪುಸ್ತಕದ ಕೊನೆ ಕಡೆ ಇದ್ದ ಚಲನೆಯನ್ನು ಆಗಸ್ಟ್‌ಗೆ ಎಳೆದುಕೊಂಡೆ. ಮೇಷ್ಟ್ರನ್ನು ಆ ಎರಡು ಪೀರಿಯಡ್‌ಗೆ ಒಪ್ಪಿಸಿದ್ದು ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅವರೂ ಇದನ್ನು ಓದುತ್ತಾರೆ.

ಸ್ಕೇಲ್ ಅಂದೆ ಅಲ್ವಾ, ನಿಜವಾದ ಗಂಟು ಅಲ್ಲೇ. ಮಕ್ಕಳು 3, 5, 9 ನಿಮಿಷ ಅಂತ ಬಂದ ಲೆಕ್ಕವನ್ನು ಬಂದ ಹಾಗೇ ಗ್ರಾಫ್ ಹಾಳೆಯ ಒಂದೊಂದು ಮನೆಗೆ (ಚೌಕಕ್ಕೆ) ಬರೆದುಬಿಡುತ್ತಾರೆ. 3ಕ್ಕೂ 5ಕ್ಕೂ ಒಂದು ಮನೆ, 5ಕ್ಕೂ 9ಕ್ಕೂ ಒಂದೇ ಮನೆ. ದೂರವನ್ನೂ ಹಾಗೇ ಬರೆದರೆ ಎಲ್ಲರ ಗೆರೆಯೂ ನೆಟ್ಟಗೆ ಬರುತ್ತದೆ, ನೋಡೋಕೆ ಚೆನ್ನಾಗಿರುತ್ತದೆ, ಪೂರ್ತಿ ತಪ್ಪು. ಈ ತಪ್ಪು ನನ್ನ ಕ್ಲಾಸಿನದ್ದು ಅಂತ ಅಂದುಕೊಂಡಿದ್ದೆ. ಮೇಷ್ಟ್ರ ಕ್ಲಾಸಲ್ಲೂ ಅದೇ ಅಂತ ಗೊತ್ತಾಗಿದ್ದು ಶನಿವಾರದ ಬೋಂಡಾ ಹೊತ್ತಲ್ಲಿ. ಆಮೇಲೆ ಇಬ್ಬರೂ ಒಂದೇ ಮಾತು ಬಳಸಿದೆವು: “ಮನೆ ಖಾಲಿ ಇದ್ರೂ ನಂಬರ್ ಹಾಕು.”

ಇನ್ನೊಂದು ಪ್ರಯೋಗ ಸುಮ್ನೆ ಶುರುವಾಗಿದ್ದು. ಮನೆಗೆ ಹೋಗುವಾಗ ಹಸಿರು ಮಾರ್ಗದ ಮೆಟ್ರೊದಲ್ಲಿ ಪೀಣ್ಯದಿಂದ ಮೆಜೆಸ್ಟಿಕ್‌ವರೆಗೆ ಒಂದೊಂದು ಸ್ಟೇಷನ್ನಿನ ಟೈಮ್ ಬರೆದುಕೊಂಡೆ. ಹತ್ತು ಕಿ.ಮೀ. ಆಸುಪಾಸು, 20 ನಿಮಿಷ ಚಿಲ್ಲರೆ. ಗ್ರಾಫ್ ಹಾಕಿದರೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. “ಮಿಸ್, ಇಲ್ಲಿ ಗೆರೆ ಯಾಕೆ ಮಲ್ಕೊಂಡಿದೆ?” ಅಂದ ಒಬ್ಬ. ನಾನು ಬಾಯಿ ತೆರೆಯುವ ಮೊದಲೇ ರಾಯಚೂರು ಕಡೆಯ ಹುಡುಗಿ, ಕ್ಲಾಸಲ್ಲಿ ಮಾತೇ ಆಡದವಳು, “ಟೈಮ್ ಹೋಗ್ತೈತಿ, ಗಾಡಿ ಹೋಗಂಗಿಲ್ಲ” ಅಂದಳು. ಮರುದಿನ ಬಸ್ಸಿನದ್ದೂ ಹಾಕಿದೆವು. ಗೊರಗುಂಟೆಪಾಳ್ಯದ ಸಿಗ್ನಲ್ಲಲ್ಲಿ ಗೆರೆ ಎಷ್ಟು ಉದ್ದ ಮಲಗಿತು ಅಂದರೆ ಹಾಳೆಗೆ ಹಾಳೆ ಅಂಟಿಸಬೇಕಾಯಿತು. ಸಮಾಜದ ಮೇಡಂ ಪಕ್ಕದಲ್ಲೇ ಅದೇ ದಾರಿಯ ಭೂಪಟ ಬರೆಸಿದರು. ಎರಡು ನಕ್ಷೆ, ಒಂದೇ ಬೋರ್ಡಲ್ಲಿ. ಕನ್ನಡದ ಮೇಡಂ ‘ನಾನು ಮೆಟ್ರೊ ಆಗಿದ್ದರೆ’ ಪ್ರಬಂಧ ಕೊಟ್ಟರು. ಮೂವತ್ತಕ್ಕೂ ಹೆಚ್ಚು ಪ್ರಬಂಧ ಬಂತು, ಎಲ್ಲವೂ ಒಬ್ಬಳದ್ದೇ ನಕಲು.

ಖರ್ಚು ಕೇಳುತ್ತೀರಿ. ಅವೆನ್ಯೂ ರಸ್ತೆಯಲ್ಲಿ 400 ಗ್ರಾಫ್ ಹಾಳೆ, ಸುಮಾರು 600 ರೂಪಾಯಿ. ಥರ್ಮಾಕೋಲ್, ಪಿನ್ನು ಸೇರಿ 150 ಇರಬೇಕು. ಬೋಂಡಾ-ಕಾಫಿಯದ್ದೇ ದೊಡ್ಡ ಬಾಬ್ತು, ಸೇರಿದ ದಿನಕ್ಕೆ 120ರಂತೆ ವರ್ಷಕ್ಕೆ 2,400ರ ಹತ್ತಿರ, ನಾಲ್ಕು ಜನ ಹಂಚಿಕೊಂಡೆವು. ಶಾಲಾ ಅನುದಾನದಲ್ಲಿ ಕೊಡಿ ಅಂದರೆ, ಯಾವ ಹೆಡ್ಡಿಗೆ (ಖರ್ಚಿನ ಲೆಕ್ಕದ ಶೀರ್ಷಿಕೆಗೆ) ಹಾಕೋದು ಅಂತ ಕೇಳಿದರು.

ಹಿಂದೆಲ್ಲ 38 ಮಕ್ಕಳಲ್ಲಿ ಒಂಬತ್ತೋ ಹತ್ತೋ ಜನ ಗ್ರಾಫ್ ಓದುತ್ತಿದ್ದರು. ಹೋದ ವರ್ಷದ ಎಫ್ಎ-2ರಲ್ಲಿ (ಎರಡನೇ ರೂಪಣಾತ್ಮಕ ಮೌಲ್ಯಮಾಪನ) 27 ಜನ ಸರಿಯಾಗಿ ಬರೆದರು. ಪಠ್ಯವೂ ಮುಗಿಯಿತು, ಫೆಬ್ರವರಿಯಲ್ಲೇ.

ಈ ಜೂನ್‌ನಲ್ಲಿ ಎಚ್.ಎಂ. ಸರ್ 8ನೇ ತರಗತಿಗೂ ಒಂದು ಹಲಗೆ ಇರಲಿ ಅಂತ ತಾವೇ ಹೊಸ ಥರ್ಮಾಕೋಲ್ ತಂದಿಟ್ಟರು. ಬಿಲ್ ಯಾವ ಹೆಡ್ಡಿಗೆ ಹಾಕಿದರೋ, ನಾವು ಕೇಳಲಿಲ್ಲ.