ಕೂಸಿನ ಊಟದ ಕುರ್ಚಿ: ಕೊಳ್ಳುವ ಮುನ್ನ ಜಗ್ಗಿ ನೋಡಿ

ಆರು ತಿಂಗಳು ತುಂಬಿತೆಂದ ಮಾತ್ರಕ್ಕೆ ಕೂಸನ್ನು ಹೈಚೇರ್‌ನಲ್ಲಿ ಕೂರಿಸಬೇಡಿ. ಕತ್ತು ಗಟ್ಟಿಯಾಗಿ ನಿಲ್ಲಬೇಕು, ಸೊಂಟಕ್ಕೆ ತುಸು ಆಸರೆ ಕೊಟ್ಟರೆ ವಾಲದೆ ಕೂರಬೇಕು. ಅಲ್ಲಿವರೆಗೂ ತೊಡೆಯ ಮೇಲಿನ ಊಟವೇ ಸರಿ. ಮನೆಮಂದಿಯೆಲ್ಲ ನೆಲದ ಮೇಲೆ ಕೂತು ಉಣ್ಣುವ ಮನೆಗೆ ಎತ್ತರದ ಕುರ್ಚಿ ಬೇಕಾಗಿಯೇ ಇಲ್ಲ. ಬೆಲ್ಟ್ ಇರುವ ಗಿಡ್ಡ ಸೀಟ್ ಸಾಕು. ಅದನ್ನು ಕಟ್ಟೆ, ಮೇಜಿನ ಮೇಲೆ ಮಾತ್ರ ಇಡಬೇಡಿ.

ಅಂಗಡಿಯಲ್ಲಿ ಮೊದಲು ಕುರ್ಚಿಯ ಕಾಲು ನೋಡಿ. ಅವು ಸೀಟಿಗಿಂತ ಅಗಲಕ್ಕೆ ಹರಡಿರಬೇಕು. ಬೆನ್ನಿನ ಭಾಗ ಹಿಡಿದು ಹಿಂದಕ್ಕೊಮ್ಮೆ, ಪಕ್ಕಕ್ಕೊಮ್ಮೆ ಜಗ್ಗಿ. ಸಲೀಸಾಗಿ ಕಾಲೆತ್ತಿದರೆ ಬೇಡ. ಮಡಚುವ ಕುರ್ಚಿಯಾದರೆ ಬಿಚ್ಚಿದಾಗ ಲಾಕ್ ‘ಟಕ್’ ಎಂದು ಕೂರಬೇಕು. ನುಣುಪಾದ ಕಲ್ಲಿನ ನೆಲವಿದ್ದರೆ ಚಕ್ರಕ್ಕೆ ಬ್ರೇಕ್ ಇರಲೇಬೇಕು. ಪಾದ ಊರುವ ಹಲಗೆ ಇದ್ದರೆ ಕೂಸು ಒದ್ದಾಡುವುದು ಕಡಿಮೆ.

‘ಟ್ರೇ ಇದೆಯಲ್ಲ, ಬೆಲ್ಟ್ ಯಾಕೆ?’ ಎಂದು ಕೇಳುವವರುಂಟು. ಟ್ರೇ ಇರುವುದು ಬಟ್ಟಲಿಡಲಿಕ್ಕೆ. ಬೆಲ್ಟ್ ಹಾಕದ ಕೂಸು ಮೆಲ್ಲಗೆ ಜಾರುತ್ತಾ ಟ್ರೇ ಅಡಿಗೆ ಇಳಿಯುತ್ತದೆ. ಮೈ ಹೊರಬಂದು ಕತ್ತು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಈ ಜಾರುವಿಕೆಯನ್ನು ತಡೆಯುವುದು ತೊಡೆಗಳ ನಡುವಿನ ಪಟ್ಟಿ. ಭುಜಕ್ಕೆ 2, ಸೊಂಟಕ್ಕೆ 2, ತೊಡೆ ನಡುವೆ 1, ಹೀಗೆ 5 ಪಟ್ಟಿಯ ಬೆಲ್ಟನ್ನೇ ಆರಿಸಿ. ಬಿಗಿದ ಮೇಲೆ ಎದೆಗೂ ಪಟ್ಟಿಗೂ ನಡುವೆ 2 ಬೆರಳು ಹೋಗಬೇಕು. ಮುಷ್ಟಿ ಹೋದರೆ ಸಡಿಲವೆಂದೇ ಲೆಕ್ಕ.

ಬ್ರೇಕ್ ಮತ್ತು ಲಾಕ್ ಹಾಕಿ, ಕೂಸನ್ನು ಕೂರಿಸಿ, ಬೆಲ್ಟ್ ಬಿಗಿದು, ಆಮೇಲೆ ಟ್ರೇ ಸೇರಿಸಿ. ಕಡೆಗೆ ಊಟ ತನ್ನಿ.

ಕುರ್ಚಿಯನ್ನು ಗೋಡೆಗೋ ಮೇಜಿಗೋ ಒತ್ತಿ ಇಟ್ಟರೆ ಕೂಸು ಅದಕ್ಕೆ ಕಾಲು ಕೊಟ್ಟು ಜೋರಾಗಿ ಒದೆಯುತ್ತದೆ, ಕುರ್ಚಿ ಸಮೇತ ಹಿಂದಕ್ಕೆ ಬೀಳುತ್ತದೆ. ಕಾಲು ಎಟುಕದಷ್ಟು ದೂರವಿರಲಿ. ಬಿಸಿ ಸಾರಿನ ಪಾತ್ರೆ, ಕೂಲರ್ ವೈರ್ ಕೂಡ ಕೈಗೆ ಸಿಗಬಾರದು. ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ; ಅಂಗಳದಲ್ಲಿ ಬಿಟ್ಟ ಕುರ್ಚಿಯ ರೆಕ್ಸಿನ್, ಬಕಲ್ ಚುರುಗುಟ್ಟುವಷ್ಟು ಕಾದಿರುತ್ತವೆ. ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿಯೇ ಕೂರಿಸಿ. ಊಟದ ನಡುವೆ ಕರೆಂಟ್ ಹೋಯಿತೇ? ಮೊದಲು ಕೂಸನ್ನು ಎತ್ತಿಕೊಳ್ಳಿ, ಆಮೇಲೆ ಟಾರ್ಚ್ ಹುಡುಕಿ.

ಇಡೀ ಶೇಂಗಾ, ಪುಟಾಣಿ, ಕಡಕ್ ರೊಟ್ಟಿಯ ಚೂರು ಟ್ರೇ ಮೇಲೆ ಬೇಡ; ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಮೆತ್ತನೆಯ ಬಿಸಿ ರೊಟ್ಟಿಯನ್ನು ಬೇಳೆಕಟ್ಟಿನಲ್ಲಿ ನೆನೆಸಿ ಕಿವುಚಿ ಕೊಡಿ. ದ್ರಾಕ್ಷಿಯನ್ನು ಉದ್ದಕ್ಕೆ 4 ಹೋಳು ಮಾಡಿ.

ಉಂಡಾದ ಮೇಲೆ ಟ್ರೇ ಒರೆಸುತ್ತೇವೆ, ಬಕಲ್ ಮರೆಯುತ್ತೇವೆ. ಅದರೊಳಗೆ ಅನ್ನದ ಅಗುಳು ಒಣಗಿದರೆ ಬಕಲ್ ಅರ್ಧ ಮಾತ್ರ ಕಚ್ಚುತ್ತದೆ, ಹೊರಗಿನಿಂದ ಹಾಕಿದಂತೆಯೇ ಕಾಣುತ್ತದೆ. ಬೆಚ್ಚಗಿನ ನೀರು, ಹಳೆಯ ಟೂತ್‌ಬ್ರಷ್ ಸಾಕು. ಸೆಕೆಂಡ್ ಹ್ಯಾಂಡ್ ಕುರ್ಚಿ ತಂದಿದ್ದರಂತೂ ಪ್ರತಿ ಸಲ ಬಕಲ್ ಹಾಕಿ ಒಮ್ಮೆ ಜಗ್ಗಿ ನೋಡಿ.