ಸ್ಕ್ರಿಪ್ಟ್ ಬರೆದು ವಿಎಂ ಎಬ್ಬಿಸುವುದು: ಅಚ್ಚು ಒಂದು, ಗುರುತು ನಾಲ್ಕು

ಒಂದು ವರ್ಚುವಲ್ ಮೆಷಿನ್ (ವಿಎಂ, ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್) ಬೇಕಿದ್ದರೆ ಸ್ಕ್ರಿಪ್ಟ್ ಯಾಕೆ? ವಿಎಂ ಮಾಡಿಕೊಡುವ ವರ್ಟ್-ಮ್ಯಾನೇಜರ್ ತೆರೆದು ನಾಲ್ಕು ಸಲ ನೆಕ್ಸ್ಟ್ ಒತ್ತಿದರೆ ಆಯಿತು. ನಾಲ್ಕು ಬೇಕು, ಸಂಜೆ ಎಲ್ಲವನ್ನೂ ಕೆಡವಬೇಕು, ಬೆಳಿಗ್ಗೆ ಮತ್ತೆ ಹೊಚ್ಚ ಹೊಸದಾಗಿ ಬೇಕು ಅಂದಾಗ ಕೈಯಲ್ಲಿ ಮಾಡುವುದು ನಡೆಯುವುದಿಲ್ಲ. ನನ್ನ ಲ್ಯಾಬ್ ಅಂಥದ್ದು: ಬಂದ ಕೋರಿಕೆಗಳನ್ನು ಹಂಚುವ ಒಂದು ಲೋಡ್ ಬ್ಯಾಲೆನ್ಸರ್, ಎರಡು ಆ್ಯಪ್ ಸರ್ವರ್, ಒಂದು ಡೇಟಾಬೇಸ್. ಹೋಸ್ಟ್ (ಇವನ್ನೆಲ್ಲ ಹೊರುವ ನಿಜವಾದ ಕಂಪ್ಯೂಟರ್) ಉಬುಂಟು 24.04, ಕೆಳಗೆ ಕೆವಿಎಂ (ಓಎಸ್‌ನ ತಿರುಳಾದ ಕರ್ನಲ್‌ನಲ್ಲಿ ವಿಎಂ ಓಡಿಸುವ ಭಾಗ), ಮೇಲೆ ವಿಎಂಗಳನ್ನು ನಿಭಾಯಿಸುವ ಲಿಬ್‌ವರ್ಟ್, ಇವನ್ನು ಓಡಿಸಲು ಸುಮಾರು ನೂರು ಸಾಲು ಬ್ಯಾಷ್ ಸ್ಕ್ರಿಪ್ಟ್. ಮೆಷಿನ್ ಹುಟ್ಟಿಸುವ ಕಮಾಂಡ್ ಅದರಲ್ಲಿ ಒಂದೇ ಒಂದು. ಉಳಿದ ಸಾಲುಗಳಲ್ಲಿ ಬಹುಪಾಲು ಎರಡು ಕೆಲಸಕ್ಕೆ ಹೋಗಿವೆ. ಒಂದೇ ಅಚ್ಚಿನಿಂದ ತೆಗೆದ ನಾಲ್ಕಕ್ಕೂ ಬೇರೆ ಬೇರೆ ಗುರುತು ಕೊಡುವುದು ಒಂದು, ಅವು ನಿಜವಾಗಿ ಎದ್ದಿವೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು ಇನ್ನೊಂದು.

ಹಾರ್ಡ್‌ವೇರ್ ವಿಷಯ ಬೇಗ ಮುಗಿಸುತ್ತೇನೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ಸಾಕು: ನಾಲ್ಕು ಕೋರ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ದುಡ್ಡು ಕೊಡುವ ಮೊದಲು "ಅಣ್ಣಾ, ಒಂದ್ಸಲ ಬಯೋಸ್ ತೋರ್ಸಿ" ಅನ್ನಿ. ಕಂಪನಿಗಳಿಂದ ಬಂದ ಡಬ್ಬಗಳಲ್ಲಿ ಬಯೋಸ್‌ಗೆ (ಓಎಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ಪಾಸ್‌ವರ್ಡ್ ಹಾಕಿಟ್ಟಿರುವುದುಂಟು. ವಿಎಂಗೆ ಸಿಪಿಯು ಕೊಡುವ ನೆರವನ್ನು, ಅಂದರೆ ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಮೋಡ್ ಆನ್ ಮಾಡಲು ಆಗದಿದ್ದರೆ ಆ ಡಬ್ಬ ಈ ಕೆಲಸಕ್ಕೆ ಬರುವುದಿಲ್ಲ. ಅದು ಆನ್ ಇದೆಯೇ ಎಂದು ಸಿಪಿಯು-ಚೆಕರ್ ಪ್ಯಾಕೇಜಿನ 'ಕೆವಿಎಂ-ಓಕೆ' ಓಡಿಸಿ ನೋಡಿ. ಸಿಪಿಯು ಮಾಹಿತಿಯಲ್ಲಿ 'ವಿಎಂಎಕ್ಸ್' (ವಿಟಿ-ಎಕ್ಸ್ ಇದೆ ಎನ್ನುವ ಗುರುತು) ಅಂತ ಕಂಡ ಮಾತ್ರಕ್ಕೆ ನಂಬಬೇಡಿ, ಹಳೆಯ ಕರ್ನಲ್‌ಗಳು ಬಯೋಸ್‌ನಲ್ಲಿ ಆಫ್ ಇದ್ದರೂ ಅದನ್ನು ತೋರಿಸುತ್ತವೆ. ರ‍್ಯಾಮ್ ಹಂಚಿಕೆ: ಬ್ಯಾಲೆನ್ಸರ್‌ಗೆ 1, ಆ್ಯಪ್‌ಗಳಿಗೆ ತಲಾ 2, ಡೇಟಾಬೇಸ್‌ಗೆ 4 ಜಿಬಿ. ಒಟ್ಟು 9, ಹೋಸ್ಟ್‌ಗೆ 7 ಉಳಿಯುತ್ತದೆ.

ಐಎಸ್‌ಒ (ಇನ್‌ಸ್ಟಾಲ್ ಡಿಸ್ಕಿನ ಫೈಲ್) ಹಾಕಿ ಇನ್‌ಸ್ಟಾಲ್ ಮಾಡುವ ಗೋಜಿಗೆ ಹೋಗಬೇಡಿ. ಉಬುಂಟುವಿನವರೇ ಕೊಡುವ ಕ್ಲೌಡ್ ಇಮೇಜ್ (ಓಎಸ್ ಮೊದಲೇ ಹಾಕಿರುವ ಡಿಸ್ಕಿನ ಫೈಲ್) ಇಳಿಸಿಕೊಳ್ಳಿ, 600 ಎಂಬಿ ಆಸುಪಾಸು ಇರುತ್ತದೆ. ಅದರ ಪಕ್ಕದಲ್ಲೇ ಇರುವ ಶಾ-256 ಮೊತ್ತದ (ಫೈಲ್ ಕೆಟ್ಟಿಲ್ಲ ಎಂದು ತೋರಿಸುವ ಸಂಖ್ಯೆ) ಜೊತೆ ತಾಳೆ ನೋಡಿ. ಫೈಲಿನ ಹೆಸರು 'ಡಾಟ್ ಐಎಂಜಿ' ಅಂತ ಮುಗಿದರೂ ಒಳಗಿರುವುದು ಕ್ಯೂಕೌ2 ಎಂಬ ವಿಎಂ ಡಿಸ್ಕ್ ಫಾರ್ಮ್ಯಾಟ್. ಹೆಸರಿನಲ್ಲಿರುವ 'ಕೌ' ಹಸುವಲ್ಲ, ಕಾಪಿ-ಆನ್-ರೈಟ್: ಮೂಲ ಹಾಗೇ ಉಳಿದು, ಬದಲಾದದ್ದು ಮಾತ್ರ ಬೇರೆ ಕಡೆ ಸೇರುತ್ತದೆ. ನಮಗೆ ಬೇಕಿರುವುದೂ ಆ ಗುಣವೇ. ಈ ಇಮೇಜನ್ನು ಅಚ್ಚಾಗಿ ಇಟ್ಟುಕೊಂಡು ಪ್ರತಿ ಮೆಷಿನ್‌ಗೂ ಅದರ ಮೇಲೆ ಒಂದು ತೆಳು ಪದರ ಮಾಡುತ್ತೇನೆ. ವಿಎಂ ಓಡಿಸುವ ಪ್ರೋಗ್ರಾಂ ಕ್ಯೂಎಮು. ಅದರ ಜೊತೆಗಿನ 'ಕ್ಯೂಎಮು-ಇಮೇಜ್ ಕ್ರಿಯೇಟ್' ಕಮಾಂಡಿಗೆ ಸಣ್ಣ ಬಿ ಆಪ್ಷನ್‌ನಲ್ಲಿ ಅಚ್ಚಿನ ಫೈಲ್, ಕ್ಯಾಪಿಟಲ್ ಎಫ್ ಆಪ್ಷನ್‌ನಲ್ಲಿ ಅಚ್ಚಿನ ಫಾರ್ಮ್ಯಾಟ್, ಕೊನೆಗೆ 20ಜಿ ಎಂದು ಗಾತ್ರ. ಹುಟ್ಟಿದ ಕ್ಷಣದಲ್ಲಿ ಈ ಪದರ ಸುಮಾರು 200 ಕೆಬಿ ಮಾತ್ರ. ಮೆಷಿನ್ ಏನು ಬರೆಯುತ್ತದೋ ಅಷ್ಟೇ ಬೆಳೆಯುತ್ತದೆ.

ಇಲ್ಲಿ ಎಡವುವ ಜಾಗ ಮೂರು. ಕ್ಯಾಪಿಟಲ್ ಎಫ್ ಬಿಟ್ಟರೆ ಕ್ಯೂಎಮು 6.1ರಿಂದ ಈಚೆಗೆ ಕಮಾಂಡೇ ಓಡುವುದಿಲ್ಲ. ಹೆಸರು ನೋಡಿ ಮೋಸಹೋಗಿ ಫಾರ್ಮ್ಯಾಟ್ 'ರಾ' (ಹೆಡರ್ ಇಲ್ಲದ ಬರೀ ಡಿಸ್ಕ್) ಅಂತ ಕೊಟ್ಟರೆ ಓಡುತ್ತದೆ, ಆದರೆ ಮೆಷಿನ್ ಬೂಟ್ ಡಿಸ್ಕ್ ಸಿಗದೆ ನಿಂತುಬಿಡುತ್ತದೆ. ಕ್ಯೂಕೌ2 ಹೆಡರನ್ನೇ ಅದು ಡಿಸ್ಕಿನ ಮೊದಲ ಸೆಕ್ಟರ್ ಅಂದುಕೊಳ್ಳುವುದರಿಂದ ಹೀಗಾಗುತ್ತದೆ. ಗಾತ್ರ ಕೊಡದಿದ್ದರೆ ಅಚ್ಚಿನ ಗಾತ್ರವೇ ಬರುತ್ತದೆ, ನಾಲ್ಕು ಪ್ಯಾಕೇಜ್ ಹಾಕುವಷ್ಟರಲ್ಲಿ ಡಿಸ್ಕ್ ತುಂಬುತ್ತದೆ. 20ಜಿ ಕೊಟ್ಟರೆ ಮೊದಲ ಬೂಟ್‌ನಲ್ಲಿ ಕ್ಲೌಡ್-ಇನಿಟ್ (ಇಮೇಜ್ ಒಳಗಿದ್ದು ಮೆಷಿನ್ ಸಜ್ಜುಗೊಳಿಸುವ ಪ್ರೋಗ್ರಾಂ) ತಾನೇ ಪಾರ್ಟಿಷನ್ ಹಿಗ್ಗಿಸಿಕೊಳ್ಳುತ್ತದೆ.

ಪದರಗಳು ಮೇಲಿರುವಾಗ ಅಚ್ಚನ್ನು ಮುಟ್ಟಲೇಬಾರದು. ಪದರದಲ್ಲಿ ಇರುವುದು ಬದಲಾದ ಬ್ಲಾಕ್‌ಗಳು ಮಾತ್ರ, ಉಳಿದದ್ದಕ್ಕೆಲ್ಲ ಅದು ಅಚ್ಚನ್ನೇ ಕೇಳುತ್ತದೆ. ಅಚ್ಚನ್ನು ಒಮ್ಮೆ ಬೂಟ್ ಮಾಡಿ ಅಪ್‌ಡೇಟ್ ಮಾಡಿದರೂ ಸಾಕು, ಮೇಲಿನ ನಾಲ್ಕೂ ಮೆಷಿನ್‌ಗಳ ಫೈಲ್ ಸಿಸ್ಟಮ್ ಕಲಸುಮೇಲೋಗರ. ಅದಕ್ಕೆ ಅಚ್ಚಿಗೆ 444 ಪರ್ಮಿಷನ್ (ಓದಲು ಮಾತ್ರ) ಹಾಕಿ, ಹೆಸರಿನಲ್ಲೇ ದಿನಾಂಕ ಸೇರಿಸಿಡುತ್ತೇನೆ. ಹೊಸ ಇಮೇಜ್ ಬಂದರೆ ಅದು ಹೊಸ ಹೆಸರಿನ ಹೊಸ ಅಚ್ಚು. ಇವನ್ನೆಲ್ಲ ಇಡುವ ಜಾಗ ವಾರ್‌ (/var) ಒಳಗಿನ ಲಿಬ್‌ವರ್ಟ್ ಇಮೇಜಸ್ ಫೋಲ್ಡರ್. ಹೋಮ್ ಫೋಲ್ಡರಿನಲ್ಲಿ ಇಟ್ಟರೆ 'ಪರ್ಮಿಷನ್ ಡಿನೈಡ್' ಬರುತ್ತದೆ, ಏಕೆಂದರೆ ಕ್ಯೂಎಮು ಓಡುವುದು ಬೇರೆ ಯೂಸರ್ ಆಗಿ. ಈಗಿನ ಉಬುಂಟುವಿನಲ್ಲಿ ಹೋಮ್ ಪರ್ಮಿಷನ್ 750 (ಹೊರಗಿನ ಯೂಸರ್‌ಗೆ ಪ್ರವೇಶವಿಲ್ಲ) ಇರುವುದರಿಂದ ಅದು ಬಾಗಿಲಿನಲ್ಲೇ ತಡೆಯಲ್ಪಡುತ್ತದೆ. ಡಿಸ್ಕ್ ಫೈಲಿಗೆ 777 (ಎಲ್ಲರಿಗೂ ಎಲ್ಲ ಹಕ್ಕು) ಕೊಟ್ಟರೂ ಪ್ರಯೋಜನವಿಲ್ಲ.

ಇನ್ನು ಗುರುತು. ಒಂದು ಸಾದಾ ಟೆಕ್ಸ್ಟ್ ಫೈಲ್, ಸಾಲಿಗೊಂದು ಮೆಷಿನ್: ಹೆಸರು, ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ವಿಳಾಸ), ಐಪಿ (ನೆಟ್‌ವರ್ಕಿನಲ್ಲಿ ಮೆಷಿನ್‌ನ ವಿಳಾಸ), ರ‍್ಯಾಮ್. ಬ್ಯಾಲೆನ್ಸರ್‌ಗೆ ಮೆಜೆಸ್ಟಿಕ್ ಅಂತ ಹೆಸರು, ಎಲ್ಲ ಬಸ್ಸೂ ಅಲ್ಲಿಂದಲೇ ಹೊರಡಬೇಕಲ್ಲ. ಆ್ಯಪ್‌ಗಳು ಜಯನಗರ, ಮಲ್ಲೇಶ್ವರ. ಡೇಟಾಬೇಸ್ ಹೆಸರಘಟ್ಟ, ಕೆರೆಯ ಲೆಕ್ಕದಲ್ಲಿ. ಮ್ಯಾಕ್ ವಿಳಾಸ ಕ್ಯೂಎಮುವಿನ ರೂಢಿಯಂತೆ 52:54:00ರಿಂದ ಶುರುವಾಗುತ್ತದೆ. ಐಪಿಯ ಕೊನೆ 11 ಆದರೆ ಮ್ಯಾಕ್‌ನ ಕೊನೆಯೂ 11, ಲಾಗ್ ಓದುವಾಗ ತಲೆ ಕೆಡುವುದಿಲ್ಲ. ಲಿಬ್‌ವರ್ಟ್‌ನ ಡೀಫಾಲ್ಟ್ ನೆಟ್‌ವರ್ಕ್ 192.168.122.0/24. ಅದರಲ್ಲಿ ಯಾವ ಮ್ಯಾಕ್‌ಗೆ ಯಾವ ಐಪಿ ಎಂದು ಲಿಬ್‌ವರ್ಟ್‌ಗೆ ಆಜ್ಞೆ ಕೊಡುವ ವರ್ಶ್ ಕಮಾಂಡಿನ 'ವರ್ಶ್ ನೆಟ್-ಅಪ್‌ಡೇಟ್' ಮೂಲಕ ಮೊದಲೇ ಬರೆಸುತ್ತೇನೆ. 'ಲೈವ್' ಮತ್ತು 'ಕಾನ್ಫಿಗ್' ಎರಡೂ ಆಪ್ಷನ್ ಕೊಡಬೇಕು. ಬರೀ ಲೈವ್ ಕೊಟ್ಟರೆ ನೆಟ್‌ವರ್ಕ್ ರೀಸ್ಟಾರ್ಟ್ ಆದಾಗ ಮಾಯ. ಬರೀ ಕಾನ್ಫಿಗ್ ಕೊಟ್ಟರೆ ರೀಸ್ಟಾರ್ಟ್ ಆಗುವ ತನಕ ಜಾರಿಗೆ ಬರುವುದಿಲ್ಲ.

ಮೆಷಿನ್ ಒಳಗಿನ ಗುರುತು ಕೊಡುವುದು ಕ್ಲೌಡ್-ಇನಿಟ್. ಅದಕ್ಕೆ ಎರಡು ಫೈಲ್. ಮೆಟಾ-ಡೇಟಾದಲ್ಲಿ ಇನ್‌ಸ್ಟೆನ್ಸ್-ಐಡಿ ಮತ್ತು ಹೋಸ್ಟ್‌ನೇಮ್. ಯೂಸರ್-ಡೇಟಾದಲ್ಲಿ ಯೂಸರ್, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಕೀ, ಪ್ಯಾಕೇಜ್ ಪಟ್ಟಿ, ಏಷ್ಯಾ/ಕೋಲ್ಕತಾ ಟೈಮ್‌ಜೋನ್. 'ಕ್ಲೌಡ್-ಲೋಕಲ್‌ಡಿಎಸ್' ಕಮಾಂಡ್ ಎರಡನ್ನೂ ಸೇರಿಸಿ ಒಂದು ಪುಟ್ಟ ಡಿಸ್ಕ್ ಮಾಡಿಕೊಡುತ್ತದೆ. ಅದರ ಲೇಬಲ್ 'ಸಿಐಡೇಟಾ', ಮೆಷಿನ್ ಎದ್ದಾಗ ಹುಡುಕುವುದು ಅದನ್ನೇ. ಯೂಸರ್-ಡೇಟಾದ ಮೊದಲ ಸಾಲು ಹ್ಯಾಷ್ ಹಾಕಿದ 'ಕ್ಲೌಡ್-ಕಾನ್ಫಿಗ್' ಆಗಿರಲೇಬೇಕು. ಮೇಲೆ ಒಂದು ಖಾಲಿ ಸಾಲು ಬಿದ್ದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಇಡೀ ಫೈಲನ್ನು ಕಡೆಗಣಿಸಿದರೆ ಮೆಷಿನ್ ಚೆನ್ನಾಗಿಯೇ ಬೂಟ್ ಆಗುತ್ತದೆ, ಕೀ ಮಾತ್ರ ಇಲ್ಲ, ಒಳಗೆ ಹೋಗಲು ದಾರಿಯೂ ಇಲ್ಲ. ಸ್ಕ್ರಿಪ್ಟ್ ಅದಕ್ಕೇ ಡಿಸ್ಕ್ ಮಾಡುವ ಮೊದಲು 'ಕ್ಲೌಡ್-ಇನಿಟ್ ಸ್ಕೀಮಾ' ಓಡಿಸುತ್ತದೆ. ಯಾಮೆಲ್‌ನಲ್ಲಿ (ಯೂಸರ್-ಡೇಟಾ ಬರೆಯುವ ಫಾರ್ಮ್ಯಾಟ್) ಟ್ಯಾಬ್ ನುಸುಳಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ.

ಯೂಸರ್-ಡೇಟಾ ತಿದ್ದಿ ರೀಬೂಟ್ ಮಾಡಿದರೆ ಏನೂ ಬದಲಾಗುವುದಿಲ್ಲ ಎಂಬ ದೂರು ಸಾಮಾನ್ಯ. ಬದಲಾಗಬಾರದು ಕೂಡ. ಯೂಸರ್, ಕೀ, ಪ್ಯಾಕೇಜ್, ರನ್‌ಸಿಎಂಡಿ (ನಾವು ಬರೆದ ಕಮಾಂಡ್‌ಗಳ ಪಟ್ಟಿ) ಇವೆಲ್ಲ ಒಂದು ಇನ್‌ಸ್ಟೆನ್ಸ್-ಐಡಿಗೆ ಒಂದೇ ಸಲ. ಪ್ರತಿ ಬೂಟ್‌ಗೂ ಓಡುವುದು ಬೂಟ್‌ಸಿಎಂಡಿ. ನಾನು ಐಡಿಗೆ ಹೆಸರಿನ ಜೊತೆ ಆ ಕ್ಷಣದ ಸಮಯ ಅಂಟಿಸುತ್ತೇನೆ, ಕೆಡವಿ ಕಟ್ಟಿದಾಗಲೆಲ್ಲ ಹೊಸದಾಗಲಿ ಎಂದು. ಇನ್ನೊಂದು: ರನ್‌ಸಿಎಂಡಿಯ ಸಾಲುಗಳು ಒಂದು ಸಾದಾ ಶೆಲ್ ಸ್ಕ್ರಿಪ್ಟ್ ಆಗಿ ಓಡುತ್ತವೆ, ನಡುವಿನ ಸಾಲು ಸೋತರೂ ಮುಂದಿನದು ನಡೆಯುತ್ತಲೇ ಇರುತ್ತದೆ. ಸೋತಲ್ಲೇ ನಿಲ್ಲಲು ಮೊದಲ ಸಾಲಾಗಿ 'ಸೆಟ್ ಮೈನಸ್ ಇ' ಹಾಕಿಬಿಡಿ.

ಗುರುತಿನ ದೊಡ್ಡ ತಕರಾರು ಬರುವುದು ಸ್ವಂತ ಅಚ್ಚು ಮಾಡಿಕೊಂಡಾಗ. ಡಾಕರ್, ಜಾವಾ ಎಲ್ಲ ಹಾಕಿದ ಮೆಷಿನ್ ಆಫ್ ಮಾಡಿ ಅದರ ಡಿಸ್ಕನ್ನೇ ಹೊಸ ಅಚ್ಚು ಮಾಡುತ್ತೀರಿ. ಅದರಿಂದ ಎರಡು ಮೆಷಿನ್ ಎಬ್ಬಿಸಿದರೆ, ಮ್ಯಾಕ್ ಬೇರೆ ಇದ್ದರೂ ಎರಡಕ್ಕೂ ಒಂದೇ ಐಪಿ ಬರಬಹುದು! ಆಗ ಎಸ್‌ಎಸ್‌ಎಚ್ ಒಮ್ಮೆ ಇದಕ್ಕೆ ಹೋಗುತ್ತದೆ, ಒಮ್ಮೆ ಅದಕ್ಕೆ. ಕಾರಣ ಮೆಷಿನ್-ಐಡಿ, ಪ್ರತಿ ಮೆಷಿನ್ ಒಂದು ಫೈಲಿನಲ್ಲಿ ಇಟ್ಟುಕೊಳ್ಳುವ ಗುರುತಿನ ಸಂಖ್ಯೆ. ಉಬುಂಟು ಸರ್ವರ್ ಐಪಿ ಹಂಚುವ ಡಿಎಚ್‌ಸಿಪಿಗೆ ತನ್ನ ಗುರುತು ಹೇಳುವಾಗ ಮ್ಯಾಕ್ ಹೇಳುವುದಿಲ್ಲ, ಮೆಷಿನ್-ಐಡಿಯಿಂದ ತಯಾರಿಸಿದ ಬೇರೊಂದು ಗುರುತು ಹೇಳುತ್ತದೆ. ಇಳಿಸಿಕೊಂಡ ಇಮೇಜಿನಲ್ಲಿ ಆ ಫೈಲ್ ಖಾಲಿ ಇರುವುದರಿಂದ ಈ ತೊಂದರೆ ಇಲ್ಲ. ಒಮ್ಮೆ ಎದ್ದ ಮೆಷಿನ್‌ನಲ್ಲಿ ತುಂಬಿರುತ್ತದೆ. ಹಾಗಾಗಿ ಅಚ್ಚು ಮಾಡುವ ಮೊದಲು ಒಳಗೆ 'ಕ್ಲೌಡ್-ಇನಿಟ್ ಕ್ಲೀನ್' ಕಮಾಂಡನ್ನು 'ಲಾಗ್ಸ್' ಮತ್ತು 'ಮೆಷಿನ್-ಐಡಿ' ಆಪ್ಷನ್ ಜೊತೆ ಓಡಿಸಿ, ಆಮೇಲೆ ಪವರ್ ಆಫ್. ನಡುವೆ ಇನ್ನೊಂದು ಸಲ ಬೂಟ್ ಮಾಡಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಬೆಲ್ಟಿನ ಮೇಲೆ ಉಡಿದಾರ ಬೇಕೆನ್ನುವವರು ನೆಟ್‌ಪ್ಲಾನ್‌ನಲ್ಲಿ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್) ಡಿಎಚ್‌ಸಿಪಿ-ಐಡೆಂಟಿಫೈಯರ್ 'ಮ್ಯಾಕ್' ಅಂತಲೂ ಹಾಕಿಕೊಳ್ಳಬಹುದು. ನಾನು ಹಾಕುತ್ತೇನೆ.

ಈಗ ಮೆಷಿನ್ ಹುಟ್ಟಿಸುವ ಆ ಒಂದು ಸಾಲು, ವರ್ಟ್-ಇನ್‌ಸ್ಟಾಲ್. ಡಿಸ್ಕ್ ಈಗಾಗಲೇ ತಯಾರಿದೆ ಎನ್ನಲು 'ಇಂಪೋರ್ಟ್', ಕನ್ಸೋಲಿಗೆ ಅಂಟಿಕೊಳ್ಳಬೇಡ ಎನ್ನಲು 'ನೋ-ಆಟೋ-ಕನ್ಸೋಲ್'. ಎರಡನೆಯದನ್ನು ಮರೆತರೆ ಸ್ಕ್ರಿಪ್ಟ್ ಮೊದಲ ಮೆಷಿನ್‌ನ ಲಾಗಿನ್ ಪ್ರಾಂಪ್ಟ್ ಮುಂದೆ ಕೂತುಬಿಡುತ್ತದೆ. ಹೊರಬರಲು ಕಂಟ್ರೋಲ್ ಹಿಡಿದು ಬಲಗಡೆಯ ಚೌಕ ಆವರಣ ಒತ್ತಬೇಕು. 'ಓಎಸ್-ಇನ್ಫೋ' ಸರಿಯಾಗಿ ಕೊಡಿ, ಅದನ್ನು ನೋಡಿಯೇ ಡಿಸ್ಕ್‌ಗೂ ನೆಟ್‌ವರ್ಕ್‌ಗೂ ವಿಎಂಗೆಂದೇ ಇರುವ ವರ್ಟಿಐಒ ಡ್ರೈವರ್ ಆರಿಸುತ್ತದೆ. ಎಲ್ಲ ಕಮಾಂಡಿಗೂ ಮೊದಲು ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್ (ಕಮಾಂಡ್‌ಗಳೆಲ್ಲ ಓದುವ ಸೆಟ್ಟಿಂಗ್) ಇಡುತ್ತೇನೆ. ಒಂದು, ಲಿಬ್‌ವರ್ಟ್‌ನ ಡೀಫಾಲ್ಟ್ ಯುಆರ್‌ಐ (ಎಲ್ಲಿಗೆ ಸೇರಬೇಕು ಎನ್ನುವ ವಿಳಾಸ) 'ಸಿಸ್ಟಮ್' ಅಂತ. ಇಲ್ಲದಿದ್ದರೆ ಸೂಡೋ (ಅಡ್ಮಿನ್ ಹಕ್ಕು) ಹಾಕಿದಾಗ ಮೆಷಿನ್‌ಗಳ ಒಂದು ಪಟ್ಟಿ, ಹಾಕದಿದ್ದಾಗ ಇನ್ನೊಂದು ಪಟ್ಟಿ ಕಾಣಬಹುದು. ಎರಡನೆಯದು ಭಾಷೆ 'ಸಿ' (ಅನುವಾದವಿಲ್ಲದ ಮೂಲ ಇಂಗ್ಲಿಷ್) ಅಂತ. ಸಿಸ್ಟಮ್ ಭಾಷೆ ಕನ್ನಡಕ್ಕೆ ಇಟ್ಟುಕೊಂಡವರಿಗೆ ವರ್ಶ್ ಉತ್ತರ ಅನುವಾದವಾಗಿ ಬರಬಹುದು, ಆಗ 'ರನ್ನಿಂಗ್' ಪದ ಹುಡುಕುವ ಗ್ರೆಪ್‌ಗೆ ಏನೂ ಸಿಗುವುದಿಲ್ಲ. ಕನ್ನಡಾಭಿಮಾನ ಡೆಸ್ಕ್‌ಟಾಪಿನಲ್ಲಿ ಇರಲಿ, ಸ್ಕ್ರಿಪ್ಟ್ ಒಳಗೆ ಬೇಡ.

'ರನ್ನಿಂಗ್' ಎಂದರೆ ಕ್ಯೂಎಮು ಪ್ರೋಸೆಸ್ ಶುರುವಾಗಿದೆ ಎಂದಷ್ಟೇ ಅರ್ಥ, ಒಳಗೆ ಕರ್ನಲ್ ಇನ್ನೂ ಕಣ್ಣುಜ್ಜುತ್ತಿರಬಹುದು. ಮುಂದಿನ ಮೆಟ್ಟಿಲು ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ತೆರೆಯುವುದು. ಎರಡು ಸೆಕೆಂಡಿಗೊಮ್ಮೆ ಎನ್‌ಸಿ ಕಮಾಂಡಿನಿಂದ ತಟ್ಟಿ ನೋಡುತ್ತೇನೆ, 60 ಸಲ ತಟ್ಟಿದರೂ ತೆರೆಯದಿದ್ದರೆ ಕೈಬಿಟ್ಟು ದೋಷ ಎಂದು ಹೊರಬರುತ್ತೇನೆ. ಪೋರ್ಟ್ ತೆರೆದ ಕೂಡಲೇ ಒಳನುಗ್ಗಿ ಪ್ಯಾಕೇಜ್ ಹಾಕುವ ಆಪ್ಟ್ ಓಡಿಸಿದರೆ ಡಿಪಿಕೆಜಿ ಲಾಕ್ (ಒಮ್ಮೆಗೆ ಒಬ್ಬರೇ ಎನ್ನುವ ಬೀಗ) ಸಿಗಲಿಲ್ಲ ಎಂಬ ಬೈಗುಳ. ಎಸ್‌ಎಸ್‌ಎಚ್ ಎದ್ದ ಮೇಲೂ ಕ್ಲೌಡ್-ಇನಿಟ್ ಪ್ಯಾಕೇಜ್ ಹಾಕುವ ಕೊನೆಯ ಹಂತದಲ್ಲೇ ಇರುತ್ತದೆ. ಕಾಯಬೇಕಾದ್ದು 'ಕ್ಲೌಡ್-ಇನಿಟ್ ಸ್ಟೇಟಸ್' ಕಮಾಂಡಿಗೆ 'ವೇಟ್' ಕೊಟ್ಟು. ಉಬುಂಟು 24.04ರಲ್ಲಿ ಅದು ಸೊನ್ನೆ ಕೊಟ್ಟರೆ ಸರಿ, 1 ಕೊಟ್ಟರೆ ಸೋತಿದೆ, 2 ಕೊಟ್ಟರೆ ಮುಗಿದಿದೆ ಆದರೆ ಎಚ್ಚರಿಕೆಗಳಿವೆ. ಸ್ಕ್ರಿಪ್ಟಿನಲ್ಲಿ 'ಸೆಟ್ ಮೈನಸ್ ಇ' ಇದ್ದರೆ ಈ 2ಕ್ಕೂ ನಿಂತುಹೋಗುತ್ತದೆ, ಅದನ್ನು ಬೇರೆಯಾಗಿ ಹಿಡಿಯಿರಿ. ಕಾರಣ ಬೇಕಿದ್ದರೆ ಒಳಗಿರುವ ಕ್ಲೌಡ್-ಇನಿಟ್-ಔಟ್‌ಪುಟ್ ಲಾಗ್ ಓದಿ.

ಈ ಕಾಯುವ ಲೂಪ್‌ನಲ್ಲೇ ಒಂದು ಹಳೆಯ ಗುಂಡಿ ಇದೆ. ಮೆಷಿನ್ ಪಟ್ಟಿಯನ್ನು 'ವೈಲ್ ರೀಡ್' ಹಾಕಿ ಸಾಲುಸಾಲಾಗಿ ಓದುತ್ತಾ ಒಳಗೆ ಎಸ್‌ಎಸ್‌ಎಚ್ ಕರೆದರೆ, ಮೆಜೆಸ್ಟಿಕ್ ಒಂದೇ ಮುಗಿದು ಲೂಪ್ ಸದ್ದಿಲ್ಲದೆ ನಿಲ್ಲುತ್ತದೆ. ಎರರ್ ಇಲ್ಲ, ಏನೂ ಇಲ್ಲ. ಎಸ್‌ಎಸ್‌ಎಚ್ ತಾನೂ ಇನ್‌ಪುಟ್ ಓದುವುದರಿಂದ ಉಳಿದ ಮೂರು ಸಾಲನ್ನು ನುಂಗಿಬಿಟ್ಟಿರುತ್ತದೆ. ಎಸ್‌ಎಸ್‌ಎಚ್‌ಗೆ ಸಣ್ಣ ಎನ್ ಆಪ್ಷನ್ ಕೊಟ್ಟರೆ ಸರಿಹೋಗುತ್ತದೆ. ಕೆಡವಿ ಕಟ್ಟಿದ ಮೇಲೆ ಹೋಸ್ಟ್ ಕೀ (ಆ ಮೆಷಿನ್‌ನ ಎಸ್‌ಎಸ್‌ಎಚ್ ಗುರುತು) ಬದಲಾಗಿದೆ ಎಂದು ಎಸ್‌ಎಸ್‌ಎಚ್ ದೊಡ್ಡದಾಗಿ ಕೂಗುತ್ತದೆ. 'ಎಸ್‌ಎಸ್‌ಎಚ್-ಕೀಜೆನ್'ಗೆ ಕ್ಯಾಪಿಟಲ್ ಆರ್ ಮತ್ತು ಐಪಿ ಕೊಟ್ಟು ಹಳೆಯ ಕೀ ತೆಗೆಸುವ ಸಾಲು ಕಟ್ಟುವ ಸ್ಕ್ರಿಪ್ಟಿನಲ್ಲೇ ಇದೆ.

ಕೆಡವುವ ಸ್ಕ್ರಿಪ್ಟ್ ಬೇರೆ ಫೈಲ್. 'ವರ್ಶ್ ಶಟ್‌ಡೌನ್' ಪವರ್ ಬಟನ್ ಒತ್ತಿದ ಹಾಗೆ, ಹೇಳಿ ತಕ್ಷಣ ವಾಪಸ್ ಬರುತ್ತದೆ. 60 ಸೆಕೆಂಡ್ ಸ್ಥಿತಿ ನೋಡುತ್ತಾ ಕಾದು, ಆಮೇಲೂ ಎದ್ದಿದ್ದರೆ 'ಡಿಸ್ಟ್ರಾಯ್'. ಹೆಸರು ಭಯಂಕರ ಅಷ್ಟೆ, ಅದು ಪ್ಲಗ್ ಕೀಳುತ್ತದೆ, ಡಿಸ್ಕ್ ಅಳಿಸುವುದಿಲ್ಲ. ನಿಜವಾಗಿ ಹೆದರಬೇಕಾದ್ದು ಮೆಷಿನ್ ಅನ್ನು ಲಿಬ್‌ವರ್ಟ್ ಪಟ್ಟಿಯಿಂದ ತೆಗೆಯುವ 'ಅನ್‌ಡಿಫೈನ್' ಜೊತೆ ಕೊಡುವ 'ರಿಮೂವ್-ಆಲ್-ಸ್ಟೋರೇಜ್'ಗೆ. ಯಾವುದಾದರೂ ಮೆಷಿನ್ ಪದರ ಮಾಡದೆ ಅಚ್ಚನ್ನೇ ನೇರ ಡಿಸ್ಕಾಗಿ ಬಳಸುತ್ತಿದ್ದರೆ ಅಚ್ಚೂ ಹೋಗುತ್ತದೆ. ನಾನು ಅದನ್ನು ಬಳಸುವುದಿಲ್ಲ; ಪದರದ ಫೈಲನ್ನೂ ಸಿಐಡೇಟಾ ಡಿಸ್ಕನ್ನೂ ಹೆಸರು ಹಿಡಿದು ಅಳಿಸುತ್ತೇನೆ.

ಕರೆಂಟ್ ಮಾತು ಬಿಡುವಂತಿಲ್ಲ. ಮಳೆ ಶುರುವಾಯಿತೆಂದರೆ ನಮ್ಮಲ್ಲಿ ಕರೆಂಟ್ ಹೋಗುವುದು ಗ್ಯಾರಂಟಿ, ಚಿಕ್ಕ ಯುಪಿಎಸ್ ಕೊಡುವುದು ಕೆಲವು ನಿಮಿಷ. ಹೋಸ್ಟ್ ಆರುವಾಗ ವಿಎಂಗಳನ್ನು ಮೊದಲು ಆಫ್ ಮಾಡುವುದು ಲಿಬ್‌ವರ್ಟ್-ಗೆಸ್ಟ್ಸ್ ಸರ್ವಿಸ್. ಅದರ ಆನ್-ಶಟ್‌ಡೌನ್ 'ಶಟ್‌ಡೌನ್' ಇರಲಿ, ಪ್ಯಾರಲಲ್ ಶಟ್‌ಡೌನ್ 4 ಇರಲಿ, ಟೈಮ್‌ಔಟ್ ಯುಪಿಎಸ್ ತಡೆಯುವ ಅವಧಿಗಿಂತ ಕಡಿಮೆ ಇರಲಿ. 'ಸಸ್ಪೆಂಡ್' ಇಟ್ಟರೆ 9 ಜಿಬಿ ರ‍್ಯಾಮಿನಲ್ಲಿ ಬಳಕೆಯಲ್ಲಿರುವಷ್ಟನ್ನೂ ಡಿಸ್ಕಿಗೆ ಬರೆಯುತ್ತಾ ಕೂರುತ್ತದೆ. ಹಠಾತ್ತನೆ ಆರಿಹೋಗಿದ್ದರೆ, ಮೆಷಿನ್ ಎಬ್ಬಿಸುವ ಮೊದಲು ಪದರದ ಮೇಲೆ 'ಕ್ಯೂಎಮು-ಇಮೇಜ್ ಚೆಕ್' ಓಡಿಸಿ. 'ಲೀಕ್' ಎಂದರೆ ಜಾಗ ದಂಡ ಅಷ್ಟೆ, ರಿಪೇರಿ ಆಪ್ಷನ್‌ಗೆ 'ಲೀಕ್ಸ್' ಕೊಟ್ಟರೆ ಹೋಗುತ್ತದೆ. 'ಕರಪ್ಟ್' ಎಂದು ಬಂದರೆ ಹೆಸರಘಟ್ಟ ಒಂದನ್ನು ಬಿಟ್ಟು ಬೇರೆ ಯಾವುದನ್ನೂ ರಿಪೇರಿ ಮಾಡಲು ಕೂರುವುದಿಲ್ಲ, ಕೆಡವುವ ಸ್ಕ್ರಿಪ್ಟ್ ಓಡಿಸುತ್ತೇನೆ. ಮೆಷಿನ್ ಓಡುತ್ತಿರುವಾಗ ಮಾತ್ರ ಈ ರಿಪೇರಿಗೆ ಕೈ ಹಾಕಬೇಡಿ.