ಗಾಜು ಕರಗಿಸುವ ಟಾರ್ಚಿನ ಮುಂದೆ ಕೂರಲು ನಂಬರಿನ ಕನ್ನಡಕ: ನಾನು ಮಾಡಿಸಿಕೊಂಡ ಬಗೆ

ಕಣ್ಣಿನ ಡಾಕ್ಟರು ಕೊಟ್ಟ ಚೀಟಿಯ ನಂಬರನ್ನೇ ಲ್ಯಾಂಪ್‌ವರ್ಕ್ (ಗ್ಯಾಸ್ ಟಾರ್ಚಿನ ಜ್ವಾಲೆಯಲ್ಲಿ ಗಾಜಿನ ಕಡ್ಡಿ ಕರಗಿಸಿ ಮಣಿ ಮಾಡುವ ಕೆಲಸ) ಕನ್ನಡಕಕ್ಕೂ ಹಾಕಿಸಬೇಡಿ. ಆ ಚೀಟಿಯಲ್ಲಿ ದೂರದ ನೋಟಕ್ಕೊಂದು ನಂಬರು, ಪುಸ್ತಕ ಹಿಡಿಯುವ ದೂರಕ್ಕೊಂದು ನಂಬರು ಇರುತ್ತವೆ. ಗಾಜು ಕರಗುವ ಜಾಗ ಎರಡರ ನಡುವೆ ಎಲ್ಲೋ ಇರುತ್ತದೆ. ಓದುವ ಕನ್ನಡಕ ಹಾಕಿಕೊಂಡು ಕೂತರೆ ಮಣಿ ಸ್ಪಷ್ಟವಾಗಿ ಕಾಣಲೆಂದು ಮುಖ ತಾನಾಗಿಯೇ ಜ್ವಾಲೆಯತ್ತ ಬಾಗುತ್ತದೆ. 45 ಸೆಂ.ಮೀ. ಇದ್ದ ದೂರ 35ಕ್ಕೆ ಇಳಿದರೆ ಕಣ್ಣಿಗೆ ಬೀಳುವ ತಾಪ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ.

ಹಾಗಾಗಿ ಮೊದಲು ಟೇಪು ಹಿಡಿದೆ. ಟಾರ್ಚ್ ಹಚ್ಚದೆ, ಕೆಲಸಕ್ಕೆ ಕೂರುವ ಭಂಗಿಯಲ್ಲೇ ಕೂತು, ಕಣ್ಣಿನ ಮೂಲೆಯಿಂದ ಕಡ್ಡಿ ತಿರುಗುವ ಜಾಗದವರೆಗೆ ಬೇರೊಬ್ಬರಿಂದ ಅಳೆಸಿದೆ. ಕೂತ ಕೂಡಲೇ ಒಮ್ಮೆ, ಕೆಲಸ ಮುಗಿಸಿ ಟಾರ್ಚ್ ಆರಿಸಿದ ಮೇಲೆ ಇನ್ನೊಮ್ಮೆ ಅಳೆಯಬೇಕು, ಏಕೆಂದರೆ ಹೊತ್ತು ಕಳೆದಂತೆ ಬೆನ್ನು ಕುಸಿಯುತ್ತದೆ. 43ರಿಂದ 48 ಬಂತು. 45 ಎಂದು ಬರೆದುಕೊಂಡೆ. 100ನ್ನು 45ರಿಂದ ಭಾಗಿಸಿದರೆ ಸುಮಾರು 2.2 ಡಯಾಪ್ಟರ್ (ಲೆನ್ಸಿನ ಶಕ್ತಿಯ ಅಳತೆ, ಕನ್ನಡಕದ ನಂಬರು ಇದರಲ್ಲೇ ಇರುತ್ತದೆ). ಪುಸ್ತಕವನ್ನು 40 ಸೆಂ.ಮೀ.ನಲ್ಲಿ ಹಿಡಿದರೆ ಅದೇ ಲೆಕ್ಕ 2.5, 33ರಲ್ಲಿ ಹಿಡಿದರೆ 3. ಚಾಳೀಸು ಬಂದವರಿಗೆ ಈ ಕಾಲು, ಮುಕ್ಕಾಲು ನಂಬರಿನ ವ್ಯತ್ಯಾಸವೇ ಬೆನ್ನುನೋವಿಗೂ ಮಸುಕಿಗೂ ಕಾರಣ. ಅಳೆದ ದೂರವನ್ನು ಚೀಟಿಯ ಜೊತೆ ಕೊಟ್ಟು, ಆ ದೂರಕ್ಕೇ ನಂಬರು ಹೊಂದಿಸಿ ಎಂದು ಕೇಳಬೇಕು.

ದೂರಕ್ಕೆ ಮೈನಸ್ 2 ಇದ್ದು ಓದಲು ಪ್ಲಸ್ 2 ಸೇರಿಸುವವರಿಗೆ, 45 ಸೆಂ.ಮೀ.ಗೆ ಅದಕ್ಕಿಂತ ಕಾಲು ನಂಬರು ಕಡಿಮೆ ಸಾಕಾದ್ದರಿಂದ, ಈ ಲೆಕ್ಕ ಮೈನಸ್ 0.25ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಂಥವರಿಗೆ ನಂಬರಿಲ್ಲದ ಸಿದ್ಧ ಕನ್ನಡಕವೇ ಸಾಕಾಗಬಹುದು. ಆದರೆ ಸಿಲಿಂಡರ್ ನಂಬರು (ಕಣ್ಣಿನ ಉಬ್ಬು ಎಲ್ಲ ದಿಕ್ಕಿಗೂ ಸಮನಿಲ್ಲದ್ದನ್ನು ಸರಿಪಡಿಸುವುದು) ಹೀಗೆ ಕಳೆದುಹೋಗುವುದಿಲ್ಲ. ಅದು ಎಲ್ಲ ದೂರಕ್ಕೂ ಹಾಗೇ ಉಳಿಯುತ್ತದೆ. ಅದು ಮುಕ್ಕಾಲಿನಷ್ಟಾದರೂ ಇದ್ದರೆ ಮಾಡಿಸಿಕೊಳ್ಳುವುದೇ ಸರಿ.

ಪ್ರೋಗ್ರೆಸಿವ್ ಲೆನ್ಸ್ (ಮೇಲಿನಿಂದ ಕೆಳಕ್ಕೆ ನಂಬರು ಮೆಲ್ಲಗೆ ಬದಲಾಗುವುದು) ಈ ಕೆಲಸಕ್ಕೆ ನನಗೆ ಒಗ್ಗುವುದಿಲ್ಲ. ಅದರಲ್ಲಿ ಹತ್ತಿರದ ಭಾಗ ಕಿರಿದು. ಕಡ್ಡಿಯ ಎರಡು ತುದಿಗಳೂ ಮಸುಕಾಗಿ, ಕತ್ತನ್ನು ಸದಾ ಹೊರಳಿಸುತ್ತಿರಬೇಕಾಗುತ್ತದೆ. ಬೈಫೋಕಲ್ (ಒಂದೇ ಲೆನ್ಸಿನಲ್ಲಿ ಎರಡು ನಂಬರು ಇರುವುದು) ಸಣ್ಣ ಮಣಿಗೆ ಆಗಬಹುದು, ಆದರೆ ಕೆಲಸವನ್ನು ಮೇಲೆತ್ತಿ ನೋಡಿದಾಗ ನಡುಗೆರೆ ಅಡ್ಡ ಬರುತ್ತದೆ. ಇಡೀ ಲೆನ್ಸಿಗೆ 45 ಸೆಂ.ಮೀ. ನಂಬರು ಹಾಕಿಸಿದೆ. ಕುಲುಮೆಯ ತಾಪಮಾನದ ಅಂಕಿ ಓದಲು ಹತ್ತಿರ ಹೋಗಬೇಕು, ಅಷ್ಟೇ. ಎರಡು ಕಣ್ಣುಪಾಪೆಗಳ ನಡುವಿನ ಅಂತರವನ್ನೂ ಹತ್ತಿರದ ನೋಟಕ್ಕೇ ಅಳೆಸಿ. ದೂರದ ಅಳತೆಗಿಂತ ಅದು ಕೆಲವು ಮಿಲಿಮೀಟರ್ ಕಡಿಮೆ. ಇಲ್ಲಿ ತಪ್ಪಿದರೆ ನಂಬರು ಸರಿಯಿದ್ದರೂ ತಲೆನೋವು ಬರುತ್ತದೆ.

ಇನ್ನು ಬಣ್ಣದ ಮಾತು. ಸೋಡಾ ಗಾಜನ್ನು (ಬೇಗ ಮೃದುವಾಗುವ ಸಾಮಾನ್ಯ ಗಾಜು) ಜ್ವಾಲೆಗೆ ಹಿಡಿದಾಗ ಏಳುವ ಹಳದಿ ಬೆಳಕು ಸೋಡಿಯಂನದು, 589 ನ್ಯಾನೊಮೀಟರ್ ಆಸುಪಾಸಿನದು. ಕರಗುವ ಅಂಚನ್ನು ಅದು ಮರೆಮಾಡುತ್ತದೆ. ಡಿಡಿಮಿಯಂ ಲೆನ್ಸ್ ಆ ಹಳದಿಯನ್ನೇ ಆರಿಸಿ ಹೀರಿಕೊಳ್ಳುತ್ತದೆ. (ಡಿಡಿಮಿಯಂ ಎಂದರೆ ಅವಳಿ. 1841ರಲ್ಲಿ ಅದನ್ನು ಒಂದೇ ಧಾತು ಎಂದುಕೊಂಡಿದ್ದರು. 1885ರಲ್ಲಿ ರಸಾಯನವಿಜ್ಞಾನಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ ಅದನ್ನು ಪ್ರೆಸಿಯೋಡಿಮಿಯಂ, ನಿಯೋಡಿಮಿಯಂ ಎಂದು ಬೇರ್ಪಡಿಸಿದರು.) ಬಿಸಿಲಿನ ಕಪ್ಪು ಕನ್ನಡಕ ಇಲ್ಲಿ ಬೇಡವೇ ಬೇಡ. ಅದು ಎಲ್ಲವನ್ನೂ ಸಮನಾಗಿ ಮಂಕು ಮಾಡುತ್ತದೆ, ಹಳದಿಯ ಮರೆ ಹಾಗೇ ಉಳಿಯುತ್ತದೆ. ಸಾಲದ್ದಕ್ಕೆ ಕಣ್ಣುಪಾಪೆ ಹಿಗ್ಗಿ, ಕಾಣದ ಇನ್‌ಫ್ರಾರೆಡ್ (ತಾಪದ ಕಿರಣ) ಇನ್ನಷ್ಟು ಒಳಗೆ ಹೋಗಬಹುದು.

ಆ ಇನ್‌ಫ್ರಾರೆಡ್ಡನ್ನು ಡಿಡಿಮಿಯಂ ಕೂಡ ಹೆಚ್ಚೇನೂ ತಡೆಯುವುದಿಲ್ಲ. ಗಾಜಿನ ಕುಲುಮೆಗಳಲ್ಲಿ ವರ್ಷಗಟ್ಟಲೆ ದುಡಿದವರಿಗೆ ಕಣ್ಣಿನ ಪೊರೆ ಬರುತ್ತಿದ್ದುದರ ಹಿಂದೆ ಇದ್ದದ್ದು ಈ ತಾಪವೇ. ಟಾರ್ಚಿನಲ್ಲಿ ಸಣ್ಣ ಸೋಡಾ ಗಾಜಿನ ಮಣಿಗೆ ಸೋಡಿಯಂ ಫಿಲ್ಟರ್ (ಹಳದಿ ಹೀರುವ ಡಿಡಿಮಿಯಂನಂಥ ಲೆನ್ಸ್) ಸಾಕೆಂದುಕೊಂಡೆ. ಹೆಚ್ಚು ತಾಪ ತಾಳುವ ಗಾಜಾದ ಬೋರೋಸಿಲಿಕೇಟ್ ಸುಮಾರು 820 ಡಿಗ್ರಿ ಸೆಲ್ಸಿಯಸ್‌ಗೆ ಮೃದುವಾಗುತ್ತದೆ, ಅದನ್ನು ಇನ್ನೂ ಬಿಸಿಯಾಗಿ, ಬೆಳ್ಳಗೆ ಹೊಳೆಯುವಷ್ಟು ಕಾಯಿಸಬೇಕು. ಅದಕ್ಕೆ ಸೋಡಿಯಂ ಫಿಲ್ಟರಿನ ಮೇಲೆ ವೆಲ್ಡಿಂಗ್ ಶೇಡ್ 3 (ವೆಲ್ಡಿಂಗ್ ಗಾಜಿನ ಗಾಢತೆಯ ಅಂಕಿ, ಹೆಚ್ಚಿದಷ್ಟೂ ಗಾಢ) ಬೇಕೇ ಬೇಕು. ಶೇಡ್ 3 ಕಾಣುವ ಬೆಳಕಿನ ಸುಮಾರು ಶೇ. 14ರಷ್ಟನ್ನು ಬಿಡುತ್ತದೆ, ಶೇಡ್ 5 ಶೇ. 2ರಷ್ಟನ್ನು. ಕ್ವಾರ್ಟ್ಜ್ ಕರಗಿಸುವವರಿಗೆ ಇನ್ನೂ ಗಾಢವಾದದ್ದು ಬೇಕು.

ನಂಬರನ್ನು ಸೋಡಿಯಂ ಫಿಲ್ಟರಿನ ಲೆನ್ಸಿಗೆ ಮಾತ್ರ ಹಾಕಿಸಿ, ಶೇಡ್ 3ನ್ನು ಮೇಲೆತ್ತುವ ಕ್ಲಿಪ್ಪಾಗಿ ಇಟ್ಟುಕೊಂಡೆ. ಜ್ವಾಲೆ ಹೊಂದಿಸುವಾಗ ಅದರ ಒಳಗಿನ ನೀಲಿ ಮೊನೆಗಳು ಶೇಡ್ 3ರಲ್ಲಿ ಸರಿಯಾಗಿ ಕಾಣವು, ಆಗ ಕ್ಲಿಪ್ ಎತ್ತಿದರಾಯಿತು. ನಂಬರು ಬದಲಾದರೂ ಕ್ಲಿಪ್ ಹಾಗೇ ಉಳಿಯುತ್ತದೆ. ಕಡ್ಡಿಗಳ ಬಣ್ಣ ಆರಿಸುವಾಗ ಮಾತ್ರ ಕನ್ನಡಕವನ್ನೇ ತೆಗೆಯಿರಿ. ಡಿಡಿಮಿಯಂನಲ್ಲಿ ಬಣ್ಣಗಳು ಬೇರೆಯಾಗಿಯೇ ಕಾಣುತ್ತವೆ.

ಮೈನಸ್ ನಂಬರು ಜಾಸ್ತಿ ಇದ್ದರೆ ಒಂದು ತೊಡಕಿದೆ. ಇಡೀ ಗಾಜೇ ಬಣ್ಣದ್ದಾದರೆ ದಪ್ಪವಾದ ಅಂಚು ನಡುಭಾಗಕ್ಕಿಂತ ಗಾಢವಾಗುತ್ತದೆ, ತೂಕವೂ ಮೂಗಿನ ಮೇಲೆ ಕೂರುತ್ತದೆ. ಎರಡು ಪದರಗಳ ನಡುವೆ ಸಮದಪ್ಪದ ಫಿಲ್ಟರ್ ಇರುವ ಲೆನ್ಸ್ ಸಿಕ್ಕರೆ ಅದನ್ನೇ ಆರಿಸಿ. ಪಾಲಿಕಾರ್ಬೊನೇಟ್ ಹಗುರ, ಪೆಟ್ಟಿಗೆ ಗಟ್ಟಿ. ಆದರೆ ಸಿಡಿದ ಬಿಸಿ ಚೂರು ತಗುಲಿದರೆ ಗುಳಿ ಬೀಳುತ್ತದೆ. ಲೆನ್ಸ್ ಯಾವುದೇ ಇರಲಿ, ಪಕ್ಕದ ರಕ್ಷೆ ಬೇಕು. ಒಣಬಟ್ಟೆಯಲ್ಲಿ ಒರೆಸಬೇಡಿ, ಗಾಜಿನ ಪುಡಿ ಗೀರುತ್ತದೆ. ಮೊದಲು ನೀರಲ್ಲಿ ತೊಳೆಯಿರಿ.

ಹೊಸ ಕನ್ನಡಕ ಬಂದಾಗ ಪಾರದರ್ಶಕ ಸೋಡಾ ಕಡ್ಡಿಯನ್ನು ಜ್ವಾಲೆಗೆ ಹಿಡಿದು ನೋಡಿ. ಹಳದಿ ಬಹುಪಾಲು ಮಾಯವಾಗಿ ಕರಗುವ ತುದಿಯ ಅಂಚು ಕಾಣಬೇಕು. ಅರ್ಧ ಗಂಟೆ ಕೂತು, ದೂರವನ್ನು ಮತ್ತೆ ಅಳೆಸಿ. ಮುಖ 45ರಿಂದ ಒಳಕ್ಕೆ ಸರಿದಿದ್ದರೆ ನಂಬರು ಇನ್ನೂ ಕೂತಿಲ್ಲ ಎಂದೇ ಅರ್ಥ, ಅದನ್ನು ವಾಪಸ್ ಒಯ್ಯಿರಿ.